ಮೋಟಾರು ಸೈಕಲ್ ಸಂಘವೂ ನೆರೆಹೊರೆಯ ಸೇವೆಯೂ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಹರವೆಯಲ್ಲಿ ಸೇರಿದ್ದ ಯುವಜನರ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಬ್ಬದಲ್ಲಿ ಮೋಟಾರು ಸೈಕಲ್ಲಿನ ಮಾತೇಕೆ ಎಂದು ತಮ್ಮಲ್ಲಿ ಹಲವರಿಗೆ ಆಶ್ಚರ್ಯವಾಗಿರಬಹುದು. ಶತಮಾನೋತ್ಸವವೆಂದರೆ ಹಿಂದಿನವರನ್ನು ನೆನೆಯುವ ಕಾಲ. ಅಡಿಪಾಯ ಹಾಕಿದವರು, ಗಂಟೆ ತಂದವರು, ಶಾಲೆ ತೆರೆದವರು ಇವರ ಗುಣಗಾನ ನಡೆಯುವ ಕಾಲ. ಆ ಕಾರ್ಯವನ್ನು ಇಲ್ಲಿ ಮಾತನಾಡಿದ ಇತರರು ಯೋಗ್ಯ ರೀತಿಯಲ್ಲಿ ಮಾಡಿದ್ದಾರೆ. ನಮಗೆ ಒಪ್ಪಿಸಿದ ವಿಷಯ ಬೇರೆ. ನಮ್ಮ ತರುಣರಲ್ಲಿ ಕೆಲವರು ಕೂಡಿ ಮೋಟಾರು ಸೈಕಲ್ ಸಂಘವೊಂದನ್ನು ಕಟ್ಟಬೇಕೆಂದಿದ್ದಾರೆ. ಹಿರಿಯರಲ್ಲಿ ಕೆಲವರು, ಊರಿಗೆ ಇರುವ ಸದ್ದು ಸಾಲದೆಂದು ಇದೊಂದು ಬೇರೆ ಬೇಕೇ ಎಂದು ಕೇಳಿದ್ದಾರೆ. ಎರಡೂ ಕಡೆಯವರು ನಮ್ಮ ಬಳಿಗೇ ಬಂದುದರಿಂದ ಎರಡೂ ಕಡೆಯವರ ಮುಂದೆಯೇ ನಾವು ಈ ಮಾತನ್ನು ಆಡಬೇಕಾಗಿದೆ.

ಸವಾರಿಯ ಕಥೆ ನಮ್ಮ ಪ್ರಾಂತದ ಧರ್ಮಸೇವೆಯ ಕಥೆಗೆ ಹೊರತಾದುದಲ್ಲ. ಹಿಂದಿನ ಗುರುಗಳು ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ, ಎತ್ತಿನ ಗಾಡಿಯಲ್ಲಿ ಊರೂರಿಗೆ ಹೋದರು. ಅವರ ಮುಂದಿನವರು ಸೈಕಲ್ ತುಳಿದರು. ನಮ್ಮ ಪೀಳಿಗೆಯವರು ಮೋಟಾರು ಸೈಕಲ್ಲನ್ನು ಹತ್ತಿದೆವು. ಒಂದು ಭಾನುವಾರ ಮೂರು ಊರುಗಳಲ್ಲಿ ಬಲಿಪೂಜೆ ಅರ್ಪಿಸಿ, ನಡುವೆ ಒಬ್ಬ ರೋಗಿಗೆ ಅಂತಿಮ ಅಭ್ಯಂಗವನ್ನೂ ನೀಡಿ, ಸಂಜೆಯೊಳಗೆ ಮನೆ ಸೇರುವುದು ಈ ಯಂತ್ರವಿಲ್ಲದೆ ಸಾಧ್ಯವಿರಲಿಲ್ಲ. ಆದ್ದರಿಂದ ಈ ವಾಹನವನ್ನು ತರುಣರ ಆಟಿಕೆಯೆಂದು ತಳ್ಳಿಬಿಡುವುದು ಕೃತಘ್ನತೆಯಾದೀತು.

ಮೋಟಾರು ಸೈಕಲ್ಲಿನವರ ಸಂಘ ಹೇಗೆ ಹುಟ್ಟುತ್ತದೆ, ಹುಟ್ಟಿದ ಮೇಲೆ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಮೈಸೂರೇ ಅದಕ್ಕೆ ಉತ್ತಮ ನಿದರ್ಶನ.

ಯೂರೋಪಿನ ಚೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಉದ್ಯಮಿಯಿದ್ದನು. ಅವನದು ಶಸ್ತ್ರಾಸ್ತ್ರಗಳನ್ನು ತಯಾರಿಸುವ ಕಾರ್ಖಾನೆ. ಮೊದಲ ಮಹಾಯುದ್ಧ ಮುಗಿದು ಶಸ್ತ್ರಗಳಿಗೆ ಬೇಡಿಕೆ ಕುಗ್ಗಿದಾಗ ಅವನು ಬೇರೆ ಉದ್ಯೋಗವನ್ನು ಹುಡುಕಿ, 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದನು. ತನ್ನ ಹೆಸರಿನ ಮೊದಲಕ್ಷರಗಳನ್ನೂ ವಾಂಡರರ್ ಎಂಬುದರ ಮೊದಲಕ್ಷರಗಳನ್ನೂ ಕೂಡಿಸಿ ಅವನು ಇಟ್ಟ ಹೆಸರೇ ಜಾವಾ. ಕತ್ತಿಗಳನ್ನು ನೇಗಿಲ ಗುಳಗಳಾಗಿ ಬಡಿಯುವ ಕಾಲವನ್ನು ಕಂಡ ಪ್ರವಾದಿಯ ಮಾತು ಇಲ್ಲಿ ನೆನಪಾದರೆ ತಪ್ಪೇನೂ ಇಲ್ಲ.

ಆ ಜಾವಾ ನಮ್ಮ ನಾಡಿಗೆ ಬಂದುದು ಇರಾನಿ ಮನೆತನದ ಮೂಲಕ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರು 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆಯನ್ನು ಕಟ್ಟಿದರು. 1961ರಲ್ಲಿ, ಅಂದಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರ್ ಅವರು ಅದನ್ನು ಉದ್ಘಾಟಿಸಿದರು. ಜಯಚಾಮರಾಜ ಒಡೆಯರ್ ಎಂಬ ಹೆಸರಿನಲ್ಲಿಯೂ ಜಾವಾದ ಅಕ್ಷರಗಳನ್ನು ಕಂಡು ಮೈಸೂರಿನ ಜನ ವಿನೋದಪಟ್ಟುದುಂಟು. ಅರಿಕುಠಾರವೆಂಬ ಹಳೆಯ ಹೆಸರನ್ನು ಕಳೆದು 1818ರಲ್ಲಿ ಚಾಮರಾಜನಗರವಾದ ಪಟ್ಟಣದ ನೆರೆಯವರಾದ ನಮಗೆ ಆ ವಿನೋದ ಇನ್ನಷ್ಟು ಹತ್ತಿರದ್ದು.

ಮೊದಲು ಜಾವಾ ಎಂಬ ಹೆಸರಿನಲ್ಲಿಯೂ, 1973ರಿಂದ ಯೆಜ್ದಿ ಎಂಬ ಹೆಸರಿನಲ್ಲಿಯೂ ಇಲ್ಲಿಂದ ಹೊರಟ ಮೋಟಾರು ಸೈಕಲ್ಲುಗಳು ನಾಡಿನ ಮೂಲೆಮೂಲೆಗೆ ಮಾತ್ರವಲ್ಲ, ಹೊರದೇಶಗಳಿಗೂ ಹೋದವು. 1978ರಲ್ಲಿ ರೋಡ್‌ಕಿಂಗ್ ಬಂದಿತು. ಹಾಲಿನವರು, ಬಟ್ಟೆ ವ್ಯಾಪಾರಿಗಳು, ಹಳ್ಳಿಯ ಉಪಾಧ್ಯಾಯರು, ಪಶುವೈದ್ಯರು, ಗುರುಗಳು ಎಲ್ಲರೂ ಅದನ್ನು ಏರಿದರು. ಸದ್ದು ಕೇಳಿದೊಡನೆ ಬಂದವರಾರೆಂದು ಮನೆಯೊಳಗಿದ್ದವರು ಹೇಳುತ್ತಿದ್ದರು.

ಆ ಯಂತ್ರದ ಗುಣವನ್ನು ತರುಣರು ಸ್ವಲ್ಪ ತಿಳಿಯಬೇಕು. ನಾವು ಹೇಳಬೇಕೆಂದಿರುವ ವಿಷಯದ ಬೇರು ಅಲ್ಲಿದೆ. ಅದು ಎರಡು ಹೊಡೆತದ, ಅಂದರೆ ಟೂ ಸ್ಟ್ರೋಕ್ ಎಂಜಿನು. ಕವಾಟಗಳ ಗೊಡವೆಯಿಲ್ಲ; ಬಿಚ್ಚಲು ಸುಲಭ, ಜೋಡಿಸಲು ಸುಲಭ. ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿ ಹಾಕಬೇಕು. ಎಣ್ಣೆ ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟಿ ಗಾಡಿ ನಿಲ್ಲುವುದು. ಕಡಿಮೆಯಾದರೆ ಎಂಜಿನು ಬಿಸಿಯಾಗಿ ಬಿಗಿಯುವುದು. ಒದ್ದು ಚಾಲೂ ಮಾಡುವ ಸನ್ನೆಯೇ ಮುಂದಕ್ಕೆ ತಿರುಗಿಸಿದರೆ ಗೇರಿನ ಸನ್ನೆಯಾಗುತ್ತಿತ್ತು; ಹೊಸಬನಿಗೆ ಇದು ಒಗಟು. ಹೀಗೆ, ಗಟ್ಟಿಯಾದ ಯಂತ್ರವಾದರೂ ಆಗಾಗ್ಗೆ ಆರೈಕೆಯನ್ನು ಬೇಡುವ ಯಂತ್ರ ಅದು. ಅದರ ಒಡೆಯನು ಪ್ಲಗ್ಗಿನ ಸ್ಪಾನರನ್ನೂ ಒಂದು ತುಂಡು ಉಪ್ಪುಕಾಗದವನ್ನೂ ಜೊತೆಗಿಟ್ಟುಕೊಳ್ಳುವುದು ವಾಡಿಕೆಯಾಗಿತ್ತು.

ನಾವು ಗುರುದೀಕ್ಷೆ ಪಡೆದ ಹೊಸತರಲ್ಲಿ ನಮಗೆ ಹಳೆಯದೊಂದು ಯೆಜ್ದಿ ದೊರೆತಿತ್ತು. ಒಮ್ಮೆ ತೆರಕಣಾಂಬಿಯ ಆಚೆ, ಮಟಮಟ ಮಧ್ಯಾಹ್ನದಲ್ಲಿ ಅದು ನಿಂತುಬಿಟ್ಟಿತು. ಅರ್ಧ ಗಂಟೆ ಒದ್ದರೂ ಮಾತಾಡಲಿಲ್ಲ. ಅಷ್ಟರಲ್ಲಿ ಎದುರಿನಿಂದ ಇನ್ನೊಂದು ಯೆಜ್ದಿ ಬಂದಿತು. ಹಿಂಬದಿಗೆ ಎರಡು ಈರುಳ್ಳಿ ಮೂಟೆ ಕಟ್ಟಿದ್ದ ಮುಸಲ್ಮಾನ ವ್ಯಾಪಾರಿಯೊಬ್ಬರು ಕೇಳದೆಯೇ ಇಳಿದು, ತಮ್ಮ ಹಲ್ಲಿನ ಕಡ್ಡಿಯಿಂದಲೇ ಕಾರ್ಬುರೇಟರಿನ ಜೆಟ್ಟಿನ ಕಸ ತೆಗೆದು, ಒಂದೇ ಒದೆತಕ್ಕೆ ಚಾಲೂ ಮಾಡಿಕೊಟ್ಟರು. ನಾವು ಹಣ ತೆಗೆಯಹೋದಾಗ ಅವರು ಹೇಳಿದ್ದು ಇಷ್ಟೇ: ನಾಳೆ ನನ್ನದು ನಿಂತಾಗ ಇನ್ನೊಬ್ಬರು ಬರುತ್ತಾರೆ, ಸ್ವಾಮಿ. ಅವರ ಹೆಸರನ್ನೂ ನಾವು ಕೇಳಲಿಲ್ಲ, ನಮ್ಮ ಹೆಸರನ್ನು ಅವರೂ ಕೇಳಲಿಲ್ಲ.

ಪ್ರಿಯರೇ, ಮೋಟಾರು ಸೈಕಲ್ ಸಂಘದ ಮೂಲ ಇದೇ. ಸಂಘಕ್ಕೆ ಹೆಸರು, ಬಾವುಟ, ಅಂಗಿ ಬರುವ ಮೊದಲೇ, ನಿಂತ ಗಾಡಿಯನ್ನು ಕಂಡು ಇಳಿಯುವ ವಾಡಿಕೆಯೊಂದು ದಾರಿಯ ಮೇಲೆ ಹುಟ್ಟಿರುತ್ತದೆ. ಆ ವಾಡಿಕೆ ಇದ್ದಲ್ಲಿ ಸಂಘ ಬೆಳೆಯುತ್ತದೆ. ಇಲ್ಲದಿದ್ದಲ್ಲಿ ಬಾವುಟ ಮಾತ್ರ ಹಾರುತ್ತದೆ.

ಮುಂದಿನ ಕಥೆಯನ್ನು ಗಮನಿಸಿ. 1980ರ ದಶಕದಲ್ಲಿ ಜಪಾನಿನ ಕಂಪನಿಗಳ ಸಹಯೋಗದಿಂದ ಹಗುರವಾದ, ಕಡಿಮೆ ಪೆಟ್ರೋಲು ಕುಡಿಯುವ 100 ಸಿ.ಸಿ. ಗಾಡಿಗಳು ಬಂದವು. 1985ರಲ್ಲಿ ಹೀರೋ ಹೋಂಡಾ ಬಂದ ಮೇಲೆ ಜನರಿಗೆ ಮೈಲೇಜಿನ ಲೆಕ್ಕ ಹತ್ತಿತು. ಹೊಗೆಯ ಬಗ್ಗೆ ಸರ್ಕಾರದ ನಿಯಮಗಳೂ ಬಿಗಿಯಾಗತೊಡಗಿದವು. ಯಾದವಗಿರಿಯ ಕಾರ್ಖಾನೆ 1996ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಎಷ್ಟೋ ಕುಟುಂಬಗಳ ಅನ್ನದ ಬಾಗಿಲು ಮುಚ್ಚಿತು. ಮೈಸೂರಿನ ರಸ್ತೆಯಲ್ಲಿ ಕಡಕೊಳದ ಬಳಿ ಇಂದು ಟಿ.ವಿ.ಎಸ್. ಕಾರ್ಖಾನೆಯನ್ನು ಕಾಣುವ ನಮ್ಮ ಮಕ್ಕಳಿಗೆ, ಅದಕ್ಕೂ ಮೊದಲು ಮೈಸೂರು ಮೋಟಾರು ಸೈಕಲ್ಲಿನ ಊರಾಗಿತ್ತೆಂಬುದು ತಿಳಿದಿರಲಾರದು.

ಕಾರ್ಖಾನೆ ಮುಚ್ಚಿದ ಮೇಲೆ ಆ ಗಾಡಿಗಳು ಗುಜರಿಗೆ ಹೋಗಬೇಕಾಗಿತ್ತು. ಬಹಳಷ್ಟು ಹೋದವು ಕೂಡ. ಆದರೆ ಕೆಲವರು ಬಿಡಲಿಲ್ಲ. ಬಿಡಿಭಾಗಗಳು ಅಂಗಡಿಯಲ್ಲಿ ಸಿಗದಾದಾಗ ಒಬ್ಬರ ಮನೆಯ ಅಟ್ಟದಲ್ಲಿದ್ದುದು ಇನ್ನೊಬ್ಬರ ಗಾಡಿಗೆ ಬಂದಿತು. ಯಾವ ಊರಿನ ಯಾವ ಬೀದಿಯಲ್ಲಿ ಹಳೆಯ ಮೇಸ್ತ್ರಿಯೊಬ್ಬರು ಇನ್ನೂ ಕೆಲಸ ಮಾಡುತ್ತಿದ್ದಾರೆ, ಯಾರು ಒಡೆದ ಕಂಬಿಯನ್ನು ಅಚ್ಚುಕಟ್ಟಾಗಿ ಬೆಸೆಯಬಲ್ಲರು ಎಂಬ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಕಾರ್ಖಾನೆಯಿದ್ದ ದಿನಗಳಲ್ಲಿ ಅದರ ಗಿರಾಕಿಗಳಾಗಿದ್ದವರು ಕಾರ್ಖಾನೆ ಮುಚ್ಚಿದ ಮೇಲೆ ಒಬ್ಬರಿಗೊಬ್ಬರು ಬಂಧುಗಳಾದರು. ಬೆಂಗಳೂರು ಜಾವಾ ಯೆಜ್ದಿ ಮೋಟಾರು ಸೈಕಲ್ ಕ್ಲಬ್ಬಿನಂತಹ ಸಂಘಗಳು ಹೀಗೆ ರೂಪುಗೊಂಡವು. ವರ್ಷವರ್ಷವೂ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಅವರು ಅಂತರರಾಷ್ಟ್ರೀಯ ಜಾವಾ ದಿನವೆಂದು ಆಚರಿಸುತ್ತಾರೆ. ಅಂದು ತಾತನು ಕೊಂಡ ಗಾಡಿಯನ್ನು ಮೊಮ್ಮಗನು ಒರೆಸಿ ತರುವುದನ್ನು ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಕಾಣಬಹುದು. ಹಿಂದೆ ಅದೇ ಕಾರ್ಖಾನೆಯಲ್ಲಿ ದುಡಿದವರನ್ನು ಅಂತಹ ಕೂಟಗಳಲ್ಲಿ ಕರೆದು ಗೌರವಿಸುವುದೂ ಉಂಟು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಹೆಸರಿನ ಹೊಸ ಗಾಡಿಗಳು ಮತ್ತೊಂದು ಕಂಪನಿಯಿಂದ ಮಾರುಕಟ್ಟೆಗೆ ಬಂದವು. ಇಪ್ಪತ್ತೆರಡು ವರ್ಷಗಳ ಕಾಲ ಕಾರ್ಖಾನೆಯಿಲ್ಲದೆ ಆ ಹೆಸರನ್ನು ಜನರ ನಾಲಗೆಯ ಮೇಲೆ ಉಳಿಸಿದವರಲ್ಲಿ ಈ ಸಂಘಗಳವರಿಗೆ ದೊಡ್ಡ ಪಾಲಿದೆ.

ಇದರಿಂದ ನಾವು ಕಲಿಯುವ ಪಾಠ ಸಣ್ಣದಲ್ಲ. ಕೊರತೆಯು ಜನರನ್ನು ಕೂಡಿಸಿತು. ಎಲ್ಲವೂ ಅಂಗಡಿಯಲ್ಲಿ ಸಿಗುವಾಗ ನೆರೆಯವನ ಹಂಗು ಬೇಕಿಲ್ಲವೆಂದು ಮನುಷ್ಯನು ಭಾವಿಸುತ್ತಾನೆ. ನೂರು ವರ್ಷಗಳ ಹಿಂದೆ ಧರ್ಮಕೇಂದ್ರಗಳು ಹುಟ್ಟಿದ್ದೂ ಹೀಗೆಯೇ. ಮಳೆ ಕೈಕೊಟ್ಟ ವರ್ಷ, ಪ್ಲೇಗು ಬಂದ ವರ್ಷ, ಕೊರತೆಯ ನಡುವೆ ಕೈಕೈ ಹಿಡಿದವರು ನಮ್ಮ ಹಿರಿಯರು.

ಇನ್ನು ಹಿರಿಯರ ಆಕ್ಷೇಪಣೆಗೆ ಬರೋಣ. ಮೋಟಾರು ಸೈಕಲ್ಲಿನ ಹುಡುಗರೆಂದರೆ ಪುಂಡರು ಎಂಬ ಭಾವನೆ ನಮ್ಮಲ್ಲಿ ಮಾತ್ರ ಇರುವುದಲ್ಲ. 1950ರ ದಶಕದ ಕೊನೆಯಲ್ಲಿ ಲಂಡನ್ ನಗರವೂ ತನ್ನ ಹುಡುಗರನ್ನು ಕುರಿತು ಹೀಗೆಯೇ ಹೇಳುತ್ತಿತ್ತು. ಚರ್ಮದ ಕೋಟು ತೊಟ್ಟು ವೇಗದ ಪಂದ್ಯ ಕಟ್ಟುತ್ತಿದ್ದ ಆ ಹುಡುಗರು ಏಸ್ ಕೆಫೆ ಎಂಬ ರಸ್ತೆ ಬದಿಯ ಹೋಟೆಲಿನಲ್ಲಿ ಸೇರುತ್ತಿದ್ದರು. ಅದೇ ನಗರದ ಹ್ಯಾಕ್ನಿ ವಿಕ್ ಎಂಬ ಬಡಾವಣೆಯಲ್ಲಿ, ಆಂಗ್ಲಿಕನ್ ಸಭೆಯ ದೇವಾಲಯವೊಂದರ ಆಶ್ರಯದಲ್ಲಿ 1959ರಲ್ಲಿ ತರುಣರ ಸಂಘವೊಂದು ಆರಂಭವಾಗಿತ್ತು. ಹುಟ್ಟಿದ ವರ್ಷದಿಂದಲೇ ಅದಕ್ಕೆ ಐವತ್ತೊಂಬತ್ತರ ಸಂಘವೆಂದು ಹೆಸರು. ಅಲ್ಲಿನ ಪಾದ್ರಿ ಬಿಲ್ ಶೆರ್ಗೋಲ್ಡ್ ತಾವೂ ಮೋಟಾರು ಸೈಕಲ್ ಸವಾರರು. ಅವರು ಅಂಜುತ್ತಲೇ ಆ ಹೋಟೆಲಿಗೆ ಹೋಗಿ, ಸವಾರರಿಗಾಗಿಯೇ ಏರ್ಪಡಿಸಿದ್ದ ಆರಾಧನೆಗೆ ಹುಡುಗರನ್ನು ಕರೆದರು. ಹುಡುಗರು ಬಂದರು. 1962ರಲ್ಲಿ ಆ ಸಂಘಕ್ಕೆ ಮೋಟಾರು ಸೈಕಲ್ ವಿಭಾಗ ಸೇರಿತು; ಮುಂದೆ ಸಾವಿರಾರು ಸದಸ್ಯರಾದರು. ಅದು ಇಂದಿಗೂ ಇದೆ. ಪುಂಡರೆನಿಸಿಕೊಂಡವರನ್ನು ಕರೆದು ಕೂರಿಸುವವರಿಲ್ಲದ್ದರಿಂದ ಅವರು ಬೀದಿಯಲ್ಲಿದ್ದರು ಎಂಬುದು ಆ ಪಾದ್ರಿಗೆ ತಿಳಿದಿತ್ತು.

ನಮ್ಮ ಸಭೆಯಲ್ಲಿಯೂ ಇದಕ್ಕೆ ಆಧಾರವಿದೆ. ಇಟಲಿಯ ಅಲೆಸ್ಸಾಂಡ್ರಿಯಾ ಪ್ರಾಂತದ ಕಾಸ್ಟೆಲ್ಲಾಜೊ ಬೋರ್ಮಿಡಾ ಎಂಬ ಊರಿನ ಮಾತೆ ಮರಿಯಮ್ಮನವರ ಪುಣ್ಯಕ್ಷೇತ್ರಕ್ಕೆ, ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅಂದರೆ 1946ರಲ್ಲಿ ಮೋಟಾರು ಸೈಕಲ್ ಸವಾರರು ಕೂಡಿ ಯಾತ್ರೆ ಬಂದರು. 1947ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಆ ಮಾತೆಯನ್ನು ಮೋಟಾರು ಸೈಕಲ್ ಸವಾರರ ಪಾಲಕಿಯೆಂದು ಸಾರಿದರು. ಯುದ್ಧದಿಂದ ನುಗ್ಗಾದ ನಾಡಿನಲ್ಲಿ ಊರೂರಿನ ತರುಣರು ಒಟ್ಟಿಗೆ ಪ್ರಯಾಣ ಮಾಡುವುದೇ ಒಂದು ಸಮಾಧಾನದ ಕಾರ್ಯವಾಗಿತ್ತು. ಆ ಯಾತ್ರೆ ಇಂದಿಗೂ ಬೇಸಗೆಯಲ್ಲಿ ನಡೆಯುತ್ತದೆ.

ಆದರೆ ಯಾತ್ರೆಯೂ ಕೂಟವೂ ಸಾಕೇ? ಸಂಘವು ತನ್ನ ಸದಸ್ಯರ ನಿಂತ ಗಾಡಿಯನ್ನು ಮಾತ್ರ ಎಬ್ಬಿಸಿದರೆ ಅದು ಒಳ್ಳೆಯ ಸಂಘ. ದಾರಿಯಲ್ಲಿ ಬಿದ್ದ ಅಪರಿಚಿತನನ್ನು ಎಬ್ಬಿಸಿದರೆ ಅದು ನೆರೆಹೊರೆಯ ಸಂಘ. ಈ ಭೇದವನ್ನು ಯೇಸುಸ್ವಾಮಿಯವರೇ ತೋರಿಸಿದ್ದಾರೆ. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿನ ಸಾಮತಿಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಅದರಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಿರಿ. ಆ ಸಮಾರಿಯದವನಿಗೂ ಒಂದು ವಾಹನವಿತ್ತು. ಗಾಯಾಳುವನ್ನು ಅವನು ಅದರ ಮೇಲೆ ಏರಿಸಿದನು. ಅಂದ ಮೇಲೆ ಛತ್ರದ ತನಕ ಅವನು ನಡೆದೇ ಹೋಗಿರಬೇಕು.

ನಮ್ಮ ಕಾಲದಲ್ಲಿ ಹಾಗೆ ಮಾಡಿದವರೊಬ್ಬರಿದ್ದಾರೆ. ಪಶ್ಚಿಮ ಬಂಗಾಳದ ಜಲ್ಪೈಗುರಿ ಜಿಲ್ಲೆಯ ಚಹಾ ತೋಟದ ಕಾರ್ಮಿಕ ಕರೀಮುಲ್ ಹಕ್. ಆಸ್ಪತ್ರೆಗೆ ಒಯ್ಯಲು ಆಂಬುಲೆನ್ಸ್ ಸಿಗದೆ ಅವರ ತಾಯಿ ತೀರಿಕೊಂಡರು. ಕೆಲವು ವರ್ಷಗಳ ಮೇಲೆ, ತೋಟದಲ್ಲಿ ಕುಸಿದುಬಿದ್ದ ಜೊತೆಗಾರನನ್ನು ಅವರು ತಮ್ಮ ಬೆನ್ನಿಗೆ ಕಟ್ಟಿಕೊಂಡು ಮೋಟಾರು ಸೈಕಲ್ಲಿನಲ್ಲಿ ಆಸ್ಪತ್ರೆಗೆ ಒಯ್ದರು, ಆತ ಉಳಿದನು. ಅಂದಿನಿಂದ ಸುತ್ತಲಿನ ಹಳ್ಳಿಗಳ ರೋಗಿಗಳನ್ನು ಹಣ ಪಡೆಯದೆ ಒಯ್ಯುವುದೇ ಅವರ ವ್ರತವಾಯಿತು. 2017ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಸಂಘವಿಲ್ಲ, ಧ್ವಜವಿಲ್ಲ, ಒಬ್ಬ ಮನುಷ್ಯ, ಒಂದು ಗಾಡಿ. ನಮ್ಮ ಕರ್ನಾಟಕದಲ್ಲಿಯೂ 108 ಸೇವೆ 2008ರಲ್ಲಿ ಆರಂಭವಾದ ಮೇಲೆ, 2015ರಲ್ಲಿ ಸರ್ಕಾರವು ಬೈಕ್ ಆಂಬುಲೆನ್ಸ್‌ಗಳನ್ನು ರಸ್ತೆಗಿಳಿಸಿತು. ಜನದಟ್ಟಣೆಯ ನಡುವೆ ದೊಡ್ಡ ವಾಹನ ತಲಪುವ ಮೊದಲೇ ಪ್ರಥಮ ಚಿಕಿತ್ಸೆ ತಲಪಲೆಂಬುದು ಅದರ ಉದ್ದೇಶ. 2020ರ ಕೊರೋನಾ ಬಂದ್ ದಿನಗಳಲ್ಲಿ ಬೆಂಗಳೂರಿನ ಎಷ್ಟೋ ಸವಾರರು ಒಂಟಿ ವೃದ್ಧರ ಮನೆಗಳಿಗೆ ಔಷಧಿ ಮುಟ್ಟಿಸಿದರು.

ಇಷ್ಟನ್ನು ಹೇಳಿ, ನಮ್ಮ ರಸ್ತೆಗಳ ಕಡೆಗೆ ತಿರುಗೋಣ. ಹಬ್ಬದ ದಿನ ಇಂತಹ ಮಾತು ಭಾರವೆನಿಸಬಹುದು, ಆದರೂ ಆಡಲೇಬೇಕು. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ಇಬ್ಬರು ಕೂರುವ ಈ ವಾಹನಗಳಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಈ ಹಿಂದೆ ಕುಳಿತವರು ಯಾರೆಂದು ಯೋಚಿಸಿದ್ದೀರಾ? ನಮ್ಮ ಮಡದಿಯರು, ತಾಯಂದಿರು, ಶಾಲೆಯ ಮಕ್ಕಳು. ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯವೆಂಬ ನಿಯಮವನ್ನು ನಮ್ಮ ರಾಜ್ಯ ಜಾರಿಗೆ ತಂದುದು 2016ರ ಜನವರಿಯಲ್ಲಿ. ಅದು ಪೊಲೀಸರ ಕಣ್ಣಿಗಾಗಿ ಇರುವ ನಿಯಮವೆಂದು ಹಳ್ಳಿಗಳಲ್ಲಿ ನಾವು ಇನ್ನೂ ತಿಳಿದುಕೊಂಡಿದ್ದೇವೆ.

ಮೂವತ್ತೈದಕ್ಕೂ ಮಿಕ್ಕ ವರ್ಷಗಳ ಗುರುಸೇವೆಯಲ್ಲಿ ನಾವು ಹಲವು ತರುಣರ ಅಂತ್ಯಕ್ರಿಯೆಯನ್ನು ನಡೆಸಿದ್ದೇವೆ. ವೃದ್ಧರನ್ನು ಮಣ್ಣಿಗೊಪ್ಪಿಸುವಾಗ ದುಃಖವಿರುತ್ತದೆ, ಆದರೆ ಅದಕ್ಕೆ ಒಂದು ಹದವಿರುತ್ತದೆ. ತಂದೆಯೇ ಮಗನ ಪೆಟ್ಟಿಗೆಗೆ ಹೆಗಲು ಕೊಡುವಾಗ ಪ್ರಾರ್ಥನೆಯ ಪುಸ್ತಕ ನಮ್ಮ ಕೈಯಲ್ಲಿ ನಡುಗಿದ್ದುಂಟು. ಒಂದು ಮನೆಗೆ ಸಾಂತ್ವನ ಹೇಳಲು ಹೋದಾಗ ಗೋಡೆಯ ಮೊಳೆಗೆ ಹೊಚ್ಚ ಹೊಸ ಹೆಲ್ಮೆಟ್ಟು ತೂಗಿತ್ತು. ಅದರ ಪ್ಲಾಸ್ಟಿಕ್ ಚೀಲವನ್ನೂ ತೆಗೆದಿರಲಿಲ್ಲ. ಹಾಳಾಗದಿರಲೆಂದು ಜೋಪಾನ ಮಾಡಿದ್ದನಂತೆ. ಆ ತಾಯಿ ಅದನ್ನು ನೋಡುತ್ತಾ ಕುಳಿತಿದ್ದರು. ನಾವು ಹೇಳಬೇಕೆಂದು ಹೋಗಿದ್ದ ಒಂದು ಮಾತೂ ಹೊರಡಲಿಲ್ಲ.

2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ, ಊರಿಗೆ ಹೋಗಿ ಬೆಂಗಳೂರಿಗೆ ಮರಳುತ್ತಿದ್ದ ಹರೀಶ್ ನಂಜಪ್ಪ ಎಂಬ ತರುಣನ ಮೋಟಾರು ಸೈಕಲ್ಲಿಗೆ ಲಾರಿ ಬಡಿದು ಅವನ ದೇಹವೇ ತುಂಡಾಯಿತು. ಆ ಸ್ಥಿತಿಯಲ್ಲಿಯೂ ಅವನು ತನ್ನ ಅಂಗಗಳನ್ನು ದಾನ ಮಾಡಿರೆಂದು ಸುತ್ತಲಿದ್ದವರನ್ನು ಕೇಳಿಕೊಂಡನು. ಅವನ ಕಣ್ಣುಗಳು ಬೇರೆಯವರಿಗೆ ಬೆಳಕಾದವು. ಮರುತಿಂಗಳು ರಾಜ್ಯ ಸರ್ಕಾರವು ಅವನ ಹೆಸರಿನಲ್ಲಿಯೇ, ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಯ ವೆಚ್ಚವನ್ನು 25,000 ರೂಪಾಯಿಯವರೆಗೆ ಭರಿಸುವ ಯೋಜನೆಯನ್ನು ಆರಂಭಿಸಿತು. ಸಾಯುವವನು ಇತರರನ್ನು ನೆನೆದನು. ಬದುಕಿರುವ ನಾವು ಪೊಲೀಸು, ಕೋರ್ಟು ಎಂದು ಹೆದರಿ ದಾಟಿಹೋಗುವುದು ಸರಿಯೇ? ಆ ಹೆದರಿಕೆಗೆ ಈಗ ಕಾರಣವೂ ಉಳಿದಿಲ್ಲ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಲ ನೀಡಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ವಿಧಿ ಅವರಿಗೆ ರಕ್ಷಣೆ ಕೊಟ್ಟಿದೆ. ಕಾಯಿದೆಯೇ ಅಂಥವರನ್ನು ದಯಾಳು ಸಮಾರಿಯದವರೆಂಬ ಹೆಸರಿನಿಂದ ಕರೆಯುತ್ತದೆ. ಶುಭಸಂದೇಶದ ಒಂದು ಮಾತು ದೇಶದ ಕಾನೂನಿನಲ್ಲಿ ಸೇರಿತು; ನಮ್ಮ ನಡತೆಯಲ್ಲಿ ಸೇರುವುದು ಬಾಕಿಯಿದೆ.

ಆದ್ದರಿಂದ, ತರುಣರೇ, ಸಂಘ ಕಟ್ಟಿರಿ ಎಂದೇ ನಾವು ಹೇಳುತ್ತೇವೆ. ಆದರೆ ಅದು ಈ ನೆಲಕ್ಕೆ ತಕ್ಕ ಸಂಘವಾಗಿರಲಿ. ಹರವೆಯಿಂದ ಚಾಮರಾಜನಗರಕ್ಕಾಗಲಿ ಗುಂಡ್ಲುಪೇಟೆಗಾಗಲಿ ಹೋಗುವ ದಾರಿಗಳು ನಿಮಗೆ ಅಂಗೈಯ ಗೆರೆಗಳಂತೆ ತಿಳಿದಿವೆ. ಅಲ್ಲಿನ ಅಪಾಯಗಳೂ ತಿಳಿದಿವೆ. ಸುಗ್ಗಿಯಲ್ಲಿ ಹುರುಳಿ, ರಾಗಿಗಳನ್ನು ರಸ್ತೆಯ ಮೇಲೆಯೇ ಹರಡುತ್ತಾರೆ. ಹುರುಳಿಯ ಸೊಪ್ಪಿನ ಮೇಲೆ ಎರಡು ಚಕ್ರದ ಗಾಡಿ ಜಾರಿದರೆ ತಡೆಯುವವರಿಲ್ಲ. ಹಿಂಬದಿಗೆ ದೀಪವಿಲ್ಲದ ಟ್ರಾಕ್ಟರ್ ಟ್ರೈಲರುಗಳೂ ಕಬ್ಬಿನ ಗಾಡಿಗಳೂ ಕತ್ತಲೆಯಲ್ಲಿ ಗೋಡೆಯಂತೆ ನಿಂತಿರುತ್ತವೆ. ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ನೆರೆಯ ಭಕ್ತಜನರು ರಾತ್ರಿಯೂ ರಸ್ತೆಯ ಅಂಚಿನಲ್ಲಿ ನಡೆಯುತ್ತಾರೆ. ಕಾಡಂಚಿನಲ್ಲಿ ಹಂದಿ, ಜಿಂಕೆ ಅಡ್ಡ ಬರುತ್ತವೆ.

ಇವೆಲ್ಲಕ್ಕೂ ಸಂಘ ಮಾಡಬಹುದಾದ ಕೆಲಸವಿದೆ. ಗಾಡಿಗಳ, ಟ್ರೈಲರುಗಳ ಹಿಂಬದಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ಅಂಟಿಸಿರಿ. ಅದರ ಖರ್ಚು ಒಂದು ದಿನದ ವಿಹಾರದ ಪೆಟ್ರೋಲಿಗಿಂತ ಹೆಚ್ಚಲ್ಲ. ರೈತರೊಡನೆ ಜಗಳವಾಡದೆ, ಒಕ್ಕಣೆಗೆ ಬೇರೆ ಜಾಗ ಹುಡುಕಲು ಪಂಚಾಯಿತಿಯವರೊಡನೆ ಮಾತನಾಡಿರಿ. ಅವರಲ್ಲಿ ಅರ್ಧ ಜನ ನಿಮ್ಮ ತಂದೆಯರೇ. ಸದಸ್ಯರೆಲ್ಲರ ರಕ್ತದ ಗುಂಪನ್ನು ಒಂದು ಪಟ್ಟಿಯಲ್ಲಿ ಬರೆದು ಜಿಲ್ಲಾ ಆಸ್ಪತ್ರೆಗೂ ಸುತ್ತಲಿನ ಊರುಗಳಿಗೂ ಕೊಡಿರಿ. ಹೆರಿಗೆಯ ಮನೆಯಿಂದ ರಾತ್ರಿ ಕರೆ ಬಂದರೆ ಯಾರು ಹೋಗಬೇಕೆಂಬುದು ಮೊದಲೇ ಗೊತ್ತಿರಲಿ. ಆ ಮನೆ ಯಾವ ಜಾತಿಯದು, ಯಾವ ಮತದ್ದು ಎಂಬ ಪ್ರಶ್ನೆ ಏಳದಿರಲಿ.

ಎಲ್ಲಕ್ಕಿಂತ ಮೊದಲು ಪ್ರಥಮ ಚಿಕಿತ್ಸೆಯನ್ನು ಕಲಿಯಿರಿ. ಕರೀಮುಲ್ ಹಕ್ ಅವರ ಕಥೆ ಕೇಳಿದ ಉತ್ಸಾಹದಲ್ಲಿ ಪ್ರತಿಯೊಬ್ಬ ಗಾಯಾಳುವನ್ನೂ ಗಾಡಿಯ ಮೇಲೆ ಹೇರಲು ಹೋಗಬೇಡಿರಿ. ಬಿದ್ದವನ ಕುತ್ತಿಗೆಗೋ ಬೆನ್ನೆಲುಬಿಗೋ ಪೆಟ್ಟಾಗಿದ್ದರೆ ಎಳೆದಾಡುವುದರಿಂದಲೇ ಅವನು ಜೀವಮಾನವಿಡೀ ಹಾಸಿಗೆ ಹಿಡಿಯಬಹುದು. ಮೊದಲು 108ಕ್ಕೆ ಕರೆ ಮಾಡಿ ಸ್ಥಳವನ್ನು ಸ್ಪಷ್ಟವಾಗಿ ಹೇಳಿರಿ. ಒಬ್ಬನು ನೂರು ಹೆಜ್ಜೆ ಹಿಂದೆ ನಿಂತು ಬರುವ ವಾಹನಗಳನ್ನು ತಡೆಯಲಿ. ರಕ್ತ ಸುರಿಯುವಲ್ಲಿ ಶುಚಿಯಾದ ಬಟ್ಟೆಯನ್ನಿಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬೇಡಿರಿ. ನಮ್ಮ ಜನ ಕರುಣೆಯಿಂದಲೇ ಮಾಡುವ ಈ ಕೆಲಸ ಉಸಿರನ್ನು ಕಟ್ಟಿಸಿಬಿಡಬಹುದು. ಇಷ್ಟನ್ನು ಕಲಿಯಲು ಒಂದು ಭಾನುವಾರದ ಮಧ್ಯಾಹ್ನ ಸಾಕು. ಕಲಿಸಲು ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಮುಂತಾದ ಸಂಸ್ಥೆಗಳಿವೆ. ನಮ್ಮ ಸಭಾಂಗಣದ ಬಾಗಿಲು ಅದಕ್ಕಾಗಿ ತೆರೆದಿರುತ್ತದೆ.

ಒಂದೆರಡು ಕಟ್ಟಳೆಗಳನ್ನೂ ಸಂಘವೇ ಹಾಕಿಕೊಳ್ಳಲಿ. ಹೆಲ್ಮೆಟ್ ಇಲ್ಲದವನು ಸದಸ್ಯನಲ್ಲ; ಹಿಂದೆ ಕುಳಿತವರಿಗೆ ಹೆಲ್ಮೆಟ್ ಕೊಡದವನೂ ಸದಸ್ಯನಲ್ಲ. ಕುಡಿದವನ ಕೀಲಿಯನ್ನು ಕಿತ್ತುಕೊಳ್ಳುವ ಅಧಿಕಾರ ಪ್ರತಿಯೊಬ್ಬ ಸದಸ್ಯನಿಗೂ ಇರಲಿ, ಕುಡಿದವನು ಅಧ್ಯಕ್ಷನೇ ಆಗಿದ್ದರೂ ಸರಿಯೇ. ಹದಿನೆಂಟು ತುಂಬದವರ ಕೈಗೆ ಗಾಡಿ ಕೊಡಬೇಡಿರಿ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಆನೆಗೂ ಜಿಂಕೆಗೂ ಆ ಹೊತ್ತು ಅವುಗಳ ಸ್ವಂತದ್ದು. ಸೈಲೆನ್ಸರನ್ನು ಕಿತ್ತು ಊರಿನ ನಿದ್ದೆ ಕೆಡಿಸುವುದು ಶೌರ್ಯವಲ್ಲ. ಹಿರಿಯರು ಆಕ್ಷೇಪಿಸಿದ ಸದ್ದು ಇದೇ; ಈ ಒಂದು ವಿಷಯದಲ್ಲಿ ಹಿರಿಯರ ಮಾತಿಗೆ ನಮ್ಮ ಪೂರ್ಣ ಒಪ್ಪಿಗೆಯಿದೆ.

ಹಿರಿಯರಲ್ಲಿಯೂ ಒಂದು ಮಾತು. ಈ ಹುಡುಗರಿಗೆ ಬಿಡುವಿದ್ದಾಗ ಹೋಗಿ ಕೂರಲು ಜಾಗ ಯಾವುದಿದೆ? ಬಸ್ಸು ನಿಲ್ದಾಣದ ಕಟ್ಟೆ, ಚಹದ ಅಂಗಡಿ. ಊರಿನಲ್ಲಿ ಕೆಲಸ ಸಾಲದೆ ಮೈಸೂರು, ನಂಜನಗೂಡಿನ ಕಾರ್ಖಾನೆಗಳಿಗೂ ಬೆಂಗಳೂರಿಗೂ ಅವರು ಹೋಗುತ್ತಿದ್ದಾರೆ. ವಾರಕ್ಕೊಮ್ಮೆ ಊರಿಗೆ ಮರಳುವವನನ್ನು ಊರಿನೊಡನೆ ಕಟ್ಟಿಹಾಕುವ ಹಗ್ಗ ಯಾವುದಾದರೂ ಇದ್ದರೆ ಅದನ್ನು ಕತ್ತರಿಸಬೇಡಿರಿ. ಅವರನ್ನು ಪುಂಡರೆಂದು ಕರೆದರೆ ಆ ಹೆಸರಿಗೆ ತಕ್ಕಂತೆ ನಡೆಯುವುದು ಸುಲಭ. ಆಪದ್ಬಂಧುಗಳೆಂದು ಕರೆದರೆ ಆ ಹೆಸರನ್ನು ಉಳಿಸಿಕೊಳ್ಳಲು ಅವರು ಶ್ರಮಪಡಬೇಕಾಗುತ್ತದೆ. ಯಾವ ಹೆಸರಿನಿಂದ ಕರೆಯುವುದೆಂಬುದು ತಮ್ಮ ಕೈಯಲ್ಲಿದೆ.

ಇನ್ನು ನೂರು ವರ್ಷಗಳಾದ ಮೇಲೆ ಇಂತಹ ಇನ್ನೊಂದು ಸ್ಮರಣ ಸಂಚಿಕೆ ಅಚ್ಚಾಗುವುದೆಂದು ನಂಬೋಣ. ಆಗ ಪೆಟ್ರೋಲಿನ ಗಾಡಿಗಳು ಇರಲಾರವು; ಈಗಾಗಲೇ ವಿದ್ಯುತ್ತಿನವು ಸದ್ದಿಲ್ಲದೆ ನಮ್ಮ ಪಕ್ಕದಲ್ಲಿ ಹಾದುಹೋಗುತ್ತಿವೆ. ಯಂತ್ರ ಯಾವುದಾದರೂ ಆಗಲಿ, ರಸ್ತೆ ಇರುತ್ತದೆ, ರಸ್ತೆಯಲ್ಲಿ ಬೀಳುವವರಿರುತ್ತಾರೆ. ಬಿದ್ದವರ ಬಳಿ ನಿಲ್ಲುವ ವಾಡಿಕೆಯನ್ನು ಈ ತಲೆಮಾರಿನವರು ಹಾಕಿಕೊಟ್ಟರು ಎಂದು ಆ ಸಂಚಿಕೆಯಲ್ಲಿ ಒಂದು ಸಾಲು ಬಂದರೆ, ಹೆಸರುಗಳು ಬಾರದಿದ್ದರೂ ಚಿಂತೆಯಿಲ್ಲ.

ಸಂಘದ ಮೊದಲ ಸಭೆ ಯಾವ ದಿನವೆಂಬುದನ್ನು ನೀವೇ ಗೊತ್ತುಮಾಡಿ ನಮಗೆ ತಿಳಿಸಿರಿ. ಗಾಡಿಗಳನ್ನು ಆಶೀರ್ವದಿಸಲು ನಾವು ಸಂತೋಷದಿಂದ ಬರುತ್ತೇವೆ. ಒಂದು ಷರತ್ತು ಮಾತ್ರ: ಪವಿತ್ರಜಲವನ್ನು ಗಾಡಿಗೆ ಚಿಮುಕಿಸುವ ಮೊದಲು ಹೆಲ್ಮೆಟ್ಟುಗಳನ್ನು ಎಣಿಸುತ್ತೇವೆ. ಒಂದು ಗಾಡಿಗೆ ಎರಡರಂತೆ ಇರಬೇಕು.

ದೇವರು ತಮ್ಮೆಲ್ಲರ ಮನೆಗಳನ್ನೂ ಮನೆಯಿಂದ ಹೊರಟವರ ದಾರಿಗಳನ್ನೂ ಕಾಯಲಿ.